ಹಳೇ ಕ್ಯಾಸೆಟ್‌ನಲ್ಲಿ ಸಿಕ್ಕ ನಗು

ಪ್ರಶ್ನೆ: ಅಸಂಗತ ಕಾಮಿಡಿ ಹಾಡು ಹಾಡ್ತಿದ್ದ ಒಂದು ಅಂಡರ್‌ಗ್ರೌಂಡ್ ತಂಡದ ಲೈವ್ ಶೋ ಕ್ಯಾಸೆಟ್ ಸಿಕ್ಕಿದೆ, ಸೌಂಡ್ ಮಂಕಾಗಿದೆ, ಜನರ ಗಲಾಟೆನೂ ಜಾಸ್ತಿ. ಕ್ಲೀನ್ ಮಾಡ್ಲಾ?

ಉತ್ತರ: ದಯವಿಟ್ಟು ಆ ಗಲಾಟೆ ತೆಗೀಬೇಡಿ! ಇಂಥ ಹಾಡಲ್ಲಿ ಜನ ಎಲ್ಲಿ ನಕ್ಕರು, ಎಲ್ಲಿ ಅರ್ಥವಾಗ್ದೆ ಸುಮ್ನಾದ್ರು ಅನ್ನೋದೇ ಅರ್ಧ ಹಾಡು, ಸ್ಟುಡಿಯೋದಲ್ಲಿ ಅದು ಹುಟ್ಟೋದೇ ಇಲ್ಲ. ಮಂಕಾಗಿರೋದಕ್ಕೆ ಪ್ಲೇಯರ್ ಹೆಡ್ (ಟೇಪಿಂದ ಸೌಂಡ್ ಓದೋ ಭಾಗ) ಕೊಳೆ ಆಗಿರಬಹುದು ಇಲ್ಲಾ ಅದರ ಕೋನ ಟೇಪಿಗೆ ಹೊಂದದೇ ಇರಬಹುದು, ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹೆಡ್ ಒರೆಸಿ, ಕೋನ ಸರಿ ಮಾಡಿಸಿ ಆಮೇಲೆ 24 ಬಿಟ್, 96 ಕಿಲೋಹರ್ಟ್ಸ್ ವೇವ್ ಫೈಲ್ (WAV, ಸೌಂಡ್ ಕುಗ್ಗಿಸದೆ ಇಡೋ ಫೈಲ್) ಆಗಿ ಕಂಪ್ಯೂಟರ್‌ಗೆ ತುಂಬಿಸ್ಕೊಳ್ಳಿ. ಎಡಿಟಿಂಗ್ ಏನಿದ್ರೂ ಕಾಪಿ ಮೇಲೆ ಮಾತ್ರ. ಮತ್ತೆ ಮತ್ತೆ ಪ್ಲೇ ಮಾಡ್ಬೇಡಿ, ಆ ರಾತ್ರಿಯದು ಬಹುಶಃ ಇದೊಂದೇ ಪ್ರತಿ. ತಂಡದವರು ಯಾರಾದ್ರೂ ಇದ್ರೆ ಮೊದಲು ಅವರಿಗೆ ಕೇಳಿಸಿ.