ಅಂಚು ಸೀಯುತ್ತದೆ, ನಡು ಬೇಯುವುದಿಲ್ಲ: ಕುಕ್ಕೀಸ್ ಎಷ್ಟು ನಿಮಿಷ ಇಡಬೇಕು?

ಪ್ರಶ್ನೆ: ಕುಕ್ಕೀಸ್ ಮಾಡುವ ವಿಧಾನದಲ್ಲಿ 180 ಡಿಗ್ರಿ ಸೆಲ್ಸಿಯಸ್, 12 ನಿಮಿಷ ಎಂದಿರುತ್ತದೆ. ನಮ್ಮ ಓಟಿಜಿಯಲ್ಲಿ (ಓವನ್-ಟೋಸ್ಟರ್-ಗ್ರಿಲ್) ಅಷ್ಟು ಹೊತ್ತಿಗೆ ಅಂಚು ಕಂದಾದರೂ ನಡುಭಾಗ ಹಸಿಯಾಗಿಯೇ ಇರುತ್ತದೆ. ಇನ್ನೈದು ನಿಮಿಷ ಬಿಟ್ಟರೆ ತಳ ಸೀಯುತ್ತದೆ. ಎರಡನೆಯ ಟ್ರೇಯಲ್ಲಿ ಇಟ್ಟದ್ದಂತೂ ಹರಡಿ ಹಪ್ಪಳದಂತಾಗುತ್ತದೆ. ಸರಿಯಾದ ಸಮಯ ಎಷ್ಟು?
– ಓದುಗರೊಬ್ಬರು, ಬಿಜೈ, ಮಂಗಳೂರು

ಉತ್ತರ: ನಿಮಿಷ ಕೂಡಿಸಿದರೂ ಕಳೆದರೂ ಇದು ಸರಿಹೋಗದು. ಹಪ್ಪಳದಂತಾಗುತ್ತದೆ ಎಂದಿರಲ್ಲ, ನನ್ನ ಅನುಮಾನ ಓವನ್‌ಗಿಂತ ಮೊದಲು ಬೆಣ್ಣೆಯ ಮೇಲೆ ಹೋಗುವುದು ಅದರಿಂದಲೇ.

ಬೆಣ್ಣೆಯನ್ನು ಫ್ರಿಜ್‌ನಿಂದ ತೆಗೆದು ಹೊರಗಿಡಿ ಎಂದು ಬರೆಯುವವರಲ್ಲಿ ಹೆಚ್ಚಿನವರು ತಂಪು ಊರಿನವರು. ಅವರ ಅಡುಗೆಮನೆಯಲ್ಲಿ 18–20 ಡಿಗ್ರಿ ಇದ್ದೀತು. ನಮ್ಮ ಏಪ್ರಿಲ್ ಸೆಖೆಯಲ್ಲಿ 33 ಡಿಗ್ರಿ ದಾಟುತ್ತದೆ, ಬೆಣ್ಣೆ ಕರಗುವುದೂ ಹೆಚ್ಚು ಕಡಿಮೆ ಅಷ್ಟಕ್ಕೇ. ಕರಗಿದ ಬೆಣ್ಣೆಯ ಹಿಟ್ಟು ಓವನ್ ಸೇರಿದ ಕೂಡಲೇ ಹರಡುತ್ತದೆ. ಹರಡಿದ ಅಂಚು ತೆಳ್ಳಗಾಗಿ ಬೇಗ ಕಂದುತ್ತದೆ, ದಪ್ಪಗೆ ಉಳಿದ ನಡುಭಾಗ ಹಿಂದೆ ಬೀಳುತ್ತದೆ. ಬೆಣ್ಣೆಯನ್ನು ಬೆರಳಿನಿಂದ ಒತ್ತಿದರೆ ಗುಳಿ ಬೀಳಬೇಕು, ಆದರೆ ಬೆರಳಿಗೆ ಎಣ್ಣೆಯ ಹೊಳಪು ಅಂಟಬಾರದು. ಕರಾವಳಿಯಲ್ಲಿ ಈ ಹದ ಕೆಲವೇ ನಿಮಿಷಗಳಲ್ಲಿ ಬಂದು ಹೋಗುತ್ತದೆ. ಆದ್ದರಿಂದ ಉಂಡೆ ಕಟ್ಟಿದ ಮೇಲೆ ಅರ್ಧ ಗಂಟೆಯಾದರೂ ಫ್ರಿಜ್‌ನಲ್ಲಿಡಿ. ಉಂಡೆಗಳೆಲ್ಲ ಒಂದೇ ತೂಕದವಾಗಿರಲಿ. 20 ಗ್ರಾಮಿನದೂ 35 ಗ್ರಾಮಿನದೂ ಒಂದೇ ಟ್ರೇಯಲ್ಲಿದ್ದರೆ ಯಾವ ಗಡಿಯಾರವೂ ನೆರವಿಗೆ ಬಾರದು.

ಎರಡನೆಯ ಟ್ರೇಯ ಕಥೆಗೆ ಕಾರಣ, ಮೊದಲ ಸಲದ ಬಿಸಿ ಆರದ ಟ್ರೇ. ಅದರ ಮೇಲೆ ಉಂಡೆ ಇಟ್ಟರೆ ಒಳಗೆ ಹೋಗುವ ಮೊದಲೇ ಬೆಣ್ಣೆ ಕರಗುತ್ತದೆ. ಟ್ರೇಯನ್ನು ತಣ್ಣೀರಿಗೆ ಹಿಡಿದು, ಒರೆಸಿ ಬಳಸಿ.

ಇನ್ನು ಓವನ್. ಗುಂಡಿ 180 ಎಂದು ತೋರಿಸಿದರೂ ಒಳಗೆ 20–25 ಡಿಗ್ರಿ ಆಚೀಚೆ ಇರುವುದು ಸಣ್ಣ ಓಟಿಜಿಗಳಲ್ಲಿ ಅಪರೂಪವಲ್ಲ. ಹೊಸ ಅಚ್ಚುಗಳಿಗೆ ದುಡ್ಡು ಹಾಕುವ ಮೊದಲು ಓವನ್ ಒಳಗಿಡುವ ಥರ್ಮಾಮೀಟರ್ ಒಂದನ್ನು ಕೊಂಡುಕೊಳ್ಳಿ. ಓವನ್ ಕಾದಿದೆ ಎಂದು ತೋರಿಸಲು ದೀಪ ಆರಿದೊಡನೆ ಟ್ರೇ ತಳ್ಳಬೇಡಿ. ಆಗ ಗಾಳಿ ಬಿಸಿಯಾಗಿರುತ್ತದೆ, ಗೋಡೆಗಳು ಆಗಿರುವುದಿಲ್ಲ. ಇನ್ನೊಂದು ಹತ್ತು ನಿಮಿಷ ಕಾಯಿರಿ. ಸಂಜೆ ವೋಲ್ಟೇಜ್ ಇಳಿಯುವ ಕಡೆ ಇನ್ನೂ ಹೆಚ್ಚು ಕಾಯಬೇಕು: 230 ವೋಲ್ಟ್ ಬದಲು 200 ಬಂದರೆ ಕಾಯಿಲ್ ಕೊಡುವ ಶಾಖ ಸುಮಾರು ಮುಕ್ಕಾಲಕ್ಕೆ ಇಳಿಯುತ್ತದೆ. ಓವನ್ ಜತೆ ಬರುವ ಕಪ್ಪು ಟ್ರೇ ಶಾಖವನ್ನು ಹೆಚ್ಚು ಹೀರಿ ತಳ ಸೀಯಿಸುತ್ತದೆ. 10–15 ಡಿಗ್ರಿ ಇಳಿಸಿ, ಬಟರ್ ಪೇಪರ್ ಹಾಸಿ, ನಡುವಿನ ಹಂತದಲ್ಲಿ ಇಡಿ. ಓವನ್ ಒಳಗಿನ ಫ್ಯಾನ್ ಹಾಕಿದರೆ 20 ಡಿಗ್ರಿ ಕಡಿಮೆ.

ಇಷ್ಟಾದ ಮೇಲೆ ಮೊದಲು ಮೂರೇ ಉಂಡೆ ಇಟ್ಟು ನೋಡಿ. ಒಂಬತ್ತನೆಯ ನಿಮಿಷದಿಂದ ಗಾಜಿನೊಳಗೆ ಕಣ್ಣಿಡಿ, ಬಾಗಿಲು ತೆರೆಯಬೇಡಿ. ಅಂಚು ಹೊಂಬಣ್ಣಕ್ಕೆ ತಿರುಗಿ, ನಡುಭಾಗದ ಒದ್ದೆ ಹೊಳಪು ಆರಿದಾಗ ತೆಗೆಯಿರಿ. ಮುಟ್ಟಿದರೆ ಮೆತ್ತಗಿರುತ್ತದೆ, ಹೆದರಬೇಡಿ. ಬಿಸಿ ಟ್ರೇಯ ಮೇಲೆ ಐದು ನಿಮಿಷ ಬಿಟ್ಟರೆ ಅದು ತಾನಾಗಿ ಗಟ್ಟಿಯಾಗುತ್ತದೆ. ಗಟ್ಟಿಯಾಗಲಿ ಎಂದು ಒಳಗೇ ಕಾಯುವವರ ಕುಕ್ಕೀಸ್ ತಣಿದ ಮೇಲೆ ಹಲ್ಲಿಗೆ ಸವಾಲು. ಟ್ರೇ ಹೊರತೆಗೆದಾಗ ಗಡಿಯಾರ ಎಷ್ಟು ತೋರಿಸಿತೋ ಅದನ್ನು ಬರೆದಿಡಿ. ಆ ಅಂಕಿ ನಿಮ್ಮ ಓವನ್‌ಗೆ ಮಾತ್ರ ಸಲ್ಲುವುದು.

ಪ್ರಶ್ನೆ: ಆಟಿಯಲ್ಲಿ (ತುಳುನಾಡಿನ ಮಳೆಗಾಲದ ತಿಂಗಳು) ಮಾಡಿದ ನಾನ್‌ಖಟಾಯಿ ಸಂಜೆ ಗರಿಗರಿ, ಬೆಳಿಗ್ಗೆ ಮೆತ್ತಗೆ. ಬೆಂದದ್ದು ಸಾಲದೆ?
– ಓದುಗರೊಬ್ಬರು, ಕಲ್ಯಾಣಪುರ, ಉಡುಪಿ

ಉತ್ತರ: ಬೆಂದದ್ದು ಸರಿಯಾಗಿಯೇ ಇದೆ. ಉಡುಪಿಯ ಮಳೆಗಾಲದ ಗಾಳಿಯಲ್ಲಿರುವ ತೇವವನ್ನು ಸಕ್ಕರೆ ಎಳೆದುಕೊಂಡಿದೆ. 150 ಡಿಗ್ರಿಯಲ್ಲಿ ನಾಲ್ಕೈದು ನಿಮಿಷ ಮತ್ತೆ ಬಿಸಿ ಮಾಡಿ, ಜಾಲರಿಯ ಮೇಲೆ ಪೂರ್ತಿ ತಣಿಸಿ, ತಣಿದ ಕೂಡಲೇ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ಬಿಸಿಯಿದ್ದಾಗಲೇ ತುಂಬಿದರೆ ಒಳಗೇ ಬೆವರುತ್ತದೆ. ಕ್ರಿಸ್‌ಮಸ್ ಕುಸ್ವಾರ್ (ಹಬ್ಬಕ್ಕೆ ಹಂಚುವ ಬಗೆಬಗೆ ತಿಂಡಿ) ಕಟ್ಟುವಾಗಲೂ ಪ್ಲಮ್ ಕೇಕ್ ಮತ್ತು ಬಿಸ್ಕತ್ತನ್ನು ಒಂದೇ ಡಬ್ಬಿಗೆ ಹಾಕಬೇಡಿ. ಕೇಕಿನ ತೇವ ರಾತ್ರಿ ಕಳೆಯುವುದರೊಳಗೆ ಬಿಸ್ಕತ್ತಿಗೆ ಸೇರಿರುತ್ತದೆ.