ಸಂಪಾಜೆ ಘಾಟಿ ಮತ್ತು ಚಾಲಕರ ಸೀಟು

ಮಾನ್ಯರೇ, ಮಡಿಕೇರಿಯಿಂದ ಸಂಪಾಜೆಗೆ ಇಳಿಯುವಾಗ ಕ್ಲಚ್ ಪೂರ್ತಿ ತುಳಿಯಲು ಸೊಂಟ ಜಾರಿಸಬೇಕಾಗುತ್ತದೆ, ಸೀಟನ್ನು ಮುಂದೆ ತಂದರೆ ಸ್ಟೀರಿಂಗ್ ಎದೆಗೆ ತೀರಾ ಹತ್ತಿರವಾಗುತ್ತದೆ ಎಂದು ಬರೆದಿದ್ದೀರಿ. ಮೊದಲು ಕಾಲಿಗೆ ತಕ್ಕಂತೆ ಹೊಂದಿಸಿಕೊಳ್ಳಿ: ಬೆನ್ನು ಪೂರ್ತಿ ಒರಗಿರುವಾಗ ಕ್ಲಚ್ಚನ್ನು ಕೊನೆಯವರೆಗೆ ತುಳಿದರೂ ಮೊಣಕಾಲು ತುಸು ಮಡಚಿಯೇ ಇರಬೇಕು. ಬಳಿಕ ಬೆನ್ನೊರಗನ್ನು ಸ್ವಲ್ಪ ಹಿಂದಕ್ಕೆ ವಾಲಿಸಿ, ಭುಜ ಸೀಟಿಗೆ ತಾಗಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲಂಚಿಗೆ ತಲುಪುವಂತೆಯೂ, ಏರ್‌ಬ್ಯಾಗ್ ಇರುವ ಅದರ ನಡುಭಾಗದಿಂದ ಎದೆಗೆ ಕನಿಷ್ಠ 25 ಸೆಂಟಿಮೀಟರ್ ಅಂತರ ಉಳಿಯುವಂತೆಯೂ ನೋಡಿಕೊಳ್ಳಿ. ಹೆಡ್‌ರೆಸ್ಟ್ ನೆತ್ತಿಯ ಮಟ್ಟಕ್ಕಿರಲಿ. ತೋಟದ ಗಂಬೂಟಿನಲ್ಲಿ ಅಳತೆ ನೋಡಬೇಡಿ. ಗಾಡಿ ಓಡಿಸುವ ಪಾದರಕ್ಷೆಯಲ್ಲೇ ನೋಡಿ.

ದಯವಿಟ್ಟು ಇದನ್ನೆಲ್ಲ ಗಾಡಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದ ಮೇಲೆಯೇ ಮಾಡಿ. ಇಳಿಜಾರಿನ ತಿರುವಿನಲ್ಲಿ ಸೀಟು ಹಿಂದಕ್ಕೆ ಜಾರಿದರೆ ಬ್ರೇಕಿಗೆ ಕಾಲೇ ಸಿಗದು. ಆದ್ದರಿಂದ ಲಿವರ್ ಬಿಟ್ಟ ನಂತರ ಮೈಯನ್ನು ಹಿಂದೆ ಮುಂದೆ ಒತ್ತಿ, ಸೀಟು ಹಳಿಯಲ್ಲಿ ಕಚ್ಚಿಕೊಂಡಿದೆಯೇ ಎಂದು ಪರೀಕ್ಷಿಸಿ.