ಆರು ನೀರು ಅಂಟಿದ ಮೆಗ್ನೀಸಿಯಂ ಅಯಾನ್: ಬರ್ಡ್ ಸಾಕಾ, ಐಆರ್ ಬೇಕಾ?

ಎರಡು ಧನ ಆವೇಶದ ಮೆಗ್ನೀಸಿಯಂ ಅಯಾನ್‌ಗೆ ಅನಿಲ ಸ್ಥಿತಿಯಲ್ಲಿ ಆರು ನೀರಿನ ಅಣು ಅಂಟಿದರೆ, ಆರೂ ಒಳಸುತ್ತಿನಲ್ಲೇ, ಅಂದರೆ ಅಯಾನ್‌ಗೆ ನೇರವಾಗಿ ಅಂಟಿಕೊಂಡೇ, ಇರುತ್ತವಾ? ತಿಳಿಯಲು ಬರ್ಡ್ (BIRD, ಶಾಖ ವಿಕಿರಣದಿಂದ ಅಯಾನ್ ಒಡೆಯುವ ವಿಧಾನ) ಸಾಕಾ, ಐಆರ್ (ಅಯಾನ್ ಯಾವ ಅತಿಗೆಂಪು ಬೆಳಕು ಹೀರುತ್ತದೆ ಅಂತ ನೋಡುವ ವಿಧಾನ) ಕೂಡ ಬೇಕಾ? ಇದು ನಿಮ್ಮ ಪ್ರಶ್ನೆ. ರಚನೆಯೇ ಮುಖ್ಯ ಅಂದರೆ ನಾನು ಮೊದಲು ಐಆರ್ ಕಡೆ ಹೋಗುತ್ತೇನೆ.

ಬರ್ಡ್‌ನಲ್ಲಿ ಅಯಾನ್‌ಗಳನ್ನು ನಿರ್ವಾತದ ಟ್ರ್ಯಾಪ್‌ನಲ್ಲಿ ಹಿಡಿದಿಡುತ್ತಾರೆ. ಸುತ್ತಲಿನ ಬಿಸಿ ಗೋಡೆಯ ವಿಕಿರಣ ಹೀರಿಕೊಂಡು ಅವು ಒಂದೊಂದೇ ನೀರನ್ನು ಬಿಡುತ್ತವೆ. ಯಾವ ತಾಪಮಾನದಲ್ಲಿ ಎಷ್ಟು ಬೇಗ ಬಿಡುತ್ತವೆ ಅಂತ ಅಳೆದರೆ ಬಂಧದ ಶಕ್ತಿ ಸಿಗುತ್ತದೆ. ರಚನೆ ನೇರವಾಗಿ ಕಾಣುವುದಿಲ್ಲ, ಲೆಕ್ಕಾಚಾರದ ಜೊತೆ ಹೋಲಿಸಿ ಊಹಿಸಬೇಕು.

ಐಆರ್‌ನಲ್ಲಿ ನೀರಿನ ಓಎಚ್ (ಆಮ್ಲಜನಕ-ಹೈಡ್ರೋಜನ್) ಬಂಧವೇ ಮಾತಾಡುತ್ತದೆ. ಹೈಡ್ರೋಜನ್ ಬಂಧ ಇಲ್ಲದ ಓಎಚ್, ಪ್ರತಿ ಸೆಂಟಿಮೀಟರ್‌ಗೆ ಸುಮಾರು 3600ರಿಂದ 3750ರ ನಡುವೆ ಚೂಪು ಶಿಖರವಾಗಿ ಕಾಣುತ್ತದೆ. ಹೊರಸುತ್ತಿನ ನೀರು ಒಳಗಿನದಕ್ಕೆ ಅಂಟಿದ್ದರೆ, ಆ ಬಂಧದ ಶಿಖರ ಕೆಳಗೆ ಸರಿದು ಅಗಲವಾಗುತ್ತದೆ. ಆ ಅಗಲ ಶಿಖರ ಇಲ್ಲವೇ ಇಲ್ಲ ಅಂದರೆ ಆರೂ ಒಳಗೇ ಇವೆ ಅನ್ನುವುದಕ್ಕೆ ಗಟ್ಟಿ ಆಧಾರ. 2004ರಲ್ಲಿ ಪ್ರೋಟಾನ್ ಸೇರಿದ 21 ನೀರಿನ ಗುಚ್ಛದಲ್ಲೂ ಇದೇ ದಾರಿ ಫಲ ಕೊಟ್ಟಿತು. ಚಿಕ್ಕ ಗುಚ್ಛಗಳಲ್ಲಿ ಎರಡಾಗಿದ್ದ ಮುಕ್ತ ಓಎಚ್ ಶಿಖರ ಅಲ್ಲಿ ಒಂದೇ ಆಗಿತ್ತು, ಅಂದರೆ ಮುಕ್ತ ಓಎಚ್ ಇರುವ ನೀರೆಲ್ಲ ಒಂದೇ ಬಗೆಯ ಜಾಗದಲ್ಲಿದ್ದವು. ಎಷ್ಟು ಚೆಂದದ ಫಲಿತಾಂಶ ಅಲ್ವಾ!

ತೊಡಕೂ ಇದೆ. ಅಯಾನ್ ಬೆಳಕು ಹೀರಿದ್ದು ಗೊತ್ತಾಗುವುದು ಅದರಿಂದ ಏನಾದರೂ ಕಳಚಿದಾಗ ಮಾತ್ರ. 3700ರ ಒಂದು ಫೋಟಾನ್ (ಬೆಳಕಿನ ಕಣ) ಅಂದರೆ ಮೋಲ್‌ಗೆ ಸುಮಾರು 44 ಕಿಲೋಜೂಲ್. ನಿಮ್ಮ ಅಯಾನ್‌ನಿಂದ ನೀರು ಕಿತ್ತುಬರಲು ಅದು ಸಾಲದು. ಹಲವು ಫೋಟಾನ್ ಹೊಡೆದರೆ ಶಿಖರಗಳ ಎತ್ತರ ಏರುಪೇರಾಗುತ್ತದೆ, ಸಣ್ಣವು ಮಾಯವೂ ಆಗಬಹುದು. ಅದಕ್ಕೇ ಅಯಾನ್‌ಗೆ ಒಂದು ಆರ್ಗಾನ್ ಪರಮಾಣು ಅಂಟಿಸುತ್ತಾರೆ. ಅದು ಸುಲಭವಾಗಿ ಕಳಚುತ್ತದೆ. ಆದರೆ ಆಗ ಅಯಾನ್ ತುಂಬಾ ತಣ್ಣಗಿರುತ್ತದೆ.

ಜಾಸ್ತಿ ಗಮನ ಕೊಡಬೇಕಾದ್ದು ಇಲ್ಲೇ. ಬರ್ಡ್ ಮಾಪನಗಳಲ್ಲಿ ಇದೇ ಅಯಾನ್‌ಗೆ ಎರಡು ರಚನೆಯ ಸುಳಿವು ಸಿಕ್ಕಿದೆ. ಕಡಿಮೆ ತಾಪಮಾನದಲ್ಲಿ ಆರೂ ಒಳಗೆ. ಬಿಸಿಯಾದಾಗ ಕೆಲವು ಹೊರಸುತ್ತಿಗೆ ಹೋಗುತ್ತವೆ, ಯಾಕೆಂದರೆ ಸಡಿಲ ರಚನೆಗೆ ಎಂಟ್ರೊಪಿ (ಅಸ್ತವ್ಯಸ್ತತೆಯ ಅಳತೆ) ಜಾಸ್ತಿ. ಹಾಗಾಗಿ ತಣ್ಣನೆಯ ಐಆರ್ ಒಂದು ಹೇಳಿ, ಬಿಸಿಯ ಬರ್ಡ್ ಇನ್ನೊಂದು ಹೇಳಿದರೆ ಒಂದು ಸುಳ್ಳು ಅಂತ ತಳ್ಳಿಹಾಕಬೇಡಿ.

ಅನಿಲದಲ್ಲಿ ಎಷ್ಟು ಬೇಗ ಸಾಗುತ್ತದೆ ಅನ್ನುವುದರಿಂದ ಅಯಾನ್‌ನ ಗಾತ್ರ ಅಳೆಯುವ ಅಯಾನ್ ಮೊಬಿಲಿಟಿ ಇಲ್ಲಿ ಬೇಡ. ಇಷ್ಟು ಚಿಕ್ಕ ಅಯಾನ್‌ಗಳಲ್ಲಿ ಗಾತ್ರದ ವ್ಯತ್ಯಾಸ ತೀರಾ ಕಡಿಮೆ.

ಲೆಕ್ಕಾಚಾರ ಮಾಡುವಾಗ ಸುಮ್ನೆ ಸೊನ್ನೆ ಕೆಲ್ವಿನ್‌ನ ಶಕ್ತಿ ಹೋಲಿಸಬೇಡಿ. ಪ್ರಯೋಗದ ತಾಪಮಾನದಲ್ಲಿ ಗಿಬ್ಸ್ ಶಕ್ತಿ (ಎಂಟ್ರೊಪಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಶಕ್ತಿ) ಹೋಲಿಸಿ.